ರಾಹುಕಾಲಕ್ಕೆ ಮುಂಚೆ ಸಹಿ ಮಾಡಿದ ಪುಟ

ಇದನ್ನು ಹೇಳಲು ಹೊರಟಿರುವುದೇ ಒಂದು ಅಧಿಕಪ್ರಸಂಗ, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ನಾಚಿಕೆಯನ್ನು ನಾಲ್ಕು ಜನ ಓದುವಂತೆ ಬರೆಯುವುದು ಮರ್ಯಾದೆಯ ಕೆಲಸವಲ್ಲ. ಬರೆಯಲೇಬೇಕಾದರೆ ನನಗಿಂತ ಹೆಚ್ಚು ಓದಿದವರು ಬರೆಯಬೇಕಿತ್ತು. ಆದರೆ ಆರತಿ ಒಂದು ಕಾಗದವನ್ನು ಒಂಬತ್ತು ದಿನ ಹೇಳದೆ ಇಟ್ಟುಕೊಂಡ ಕಥೆ ಇದು. ಗೊತ್ತಿದ್ದೂ ನಾನು ಹೇಳದಿದ್ದರೆ ಅದೂ ಅದೇ ಜಾತಿಯ ಕೆಲಸವಾದೀತು. ತಪ್ಪಿದ್ದಲ್ಲಿ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೆಲ್ಬೋರ್ನಿನ ಟಾರ್ನೀಟ್‌ನ ಕನ್ನಡದವರು ಆರತಿಗೆ ‘ಫಾರ್ಮ್ ಆರತಿ’ ಎಂದು ಹೆಸರಿಟ್ಟಿದ್ದರು. ಧಾರವಾಡದ ಹೆಣ್ಣುಮಗಳು, ನಲವತ್ತೇಳು ದಾಟಿದೆ, ಒಂದು ವೃದ್ಧಾಶ್ರಮದ ಆಫೀಸಿನಲ್ಲಿ ಯಾರ ಪಾಳಿ ಯಾವಾಗ ಎಂದು ನೋಡುವ ಕೆಲಸ. ಯಾರ ಅಪ್ಪನ ವೀಸಾ, ಯಾರ ಮಗುವಿನ ಚೈಲ್ಡ್‌ಕೇರ್, ಯಾರ ಮೆಡಿಕೇರ್, ಯಾವ ಫಾರ್ಮ್ ಬಂದರೂ ತುಂಬಿಕೊಡುವವಳು ಅವಳು. ತುಂಬಿದ ಮೇಲೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ‘ತಿಳೀತಲ್ರಿ? ಈಗ ಸಹಿ ಮಾಡ್ರಿ’ ಅನ್ನುತ್ತಿದ್ದಳು. ಇಷ್ಟು ನಿಧಾನ ಯಾಕೆ ಎಂದು ಜನ ರೇಗಿಸುತ್ತಿದ್ದರು. ಯಾಕೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಕನ್ನಡದವರ ಊಟದ ಕೂಟ ಮುಗಿದು ಕುರ್ಚಿ ಮಡಚುತ್ತಿದ್ದಾಗ ಶಿವಪುತ್ರಪ್ಪನವರು ಹತ್ತಿರ ಬಂದರು. ಅರವತ್ತೈದರ ಆಸುಪಾಸಿನ ಗೋಕಾಕದ ಮನುಷ್ಯ. ಹಿಂದೆ ಸಿಡ್ನಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವರು, ಈಗ ಮೆಲ್ಬೋರ್ನಿನ ಇನ್ನೊಂದು ತುದಿಯ ಕ್ಲೇಟನ್ ಕಡೆ ಬಸ್ ಓಡಿಸುತ್ತಾರೆ. ಅವರ ಹಿಂದೆ ರೊಟ್ಟಿಯ ಖಾಲಿ ಡಬ್ಬಿ ಹಿಡಿದು ಹೆಂಡತಿ ನೀಲಕ್ಕ.

“ಆರತಿ, ನಿನ್ನ ಕಡೆ ಒಂದು ಕೆಲಸ ಐತಿ ನೋಡವಾ.”

“ಹೇಳ್ರಿ ಅಣ್ಣಾರ.”

“ನಮ್ಮ ಹಳೇ ಮಾರ್ಟ್‌ಗೇಜ್ ಇತ್ತಲ್ಲ, ಸಿಡ್ನಿದು, ಟೂಂಗ್ಯಾಬಿ ಮನೀ ಸಾಲದ್ದು? ಅದರಾಗ ಇನ್ಶೂರೆನ್ಸ್ ಏನರ ಕೂಡಿಸಿದ್ದರೇನು ಅಂತ ನೋಡಬೇಕಾಗೈತಿ. ನಮ್ಮ ಡಿಪೋದಾಗ ಒಬ್ಬ ಗ್ರೀಕ್ ಮುದುಕ ಅದಾನ. ಅವನ ಸಾಲಕ್ಕ ಹಂಗ ಕೇಳಲಾರದ ಕೂಡಿಸಿದ್ದರಂತ. ಬರದು ಕೇಳಿದ, ರೊಕ್ಕ ತಿರುಗಿ ಕೊಟ್ಟರಂತ.”

“ಇವರದೊಂದು,” ನೀಲಕ್ಕ ನಕ್ಕರು. “ಮನೀ ಮಾರಿ ಹತ್ತು ವರ್ಷ ಆತು. ಈಗ ಸತ್ತ ಎಮ್ಮಿ ಹಾಲು ಹಿಂಡಾಕ ಹೊಂಟಾರ.”

“ನೀ ಸುಮ್ನಿರ. ಎಮ್ಮಿ ಸತ್ತಿದ್ದರೂ ಅದರ ಕಾಗದ ಸತ್ತಿರೂದಿಲ್ಲ. ಅಲ್ಲದ ಆ ಸಾಲದ ಕಾಗದ ಮಾಡಿಸಿದಾಕಿ ಆರತಿನ ಅಲ್ಲೇನು? ಚಾಟ್ಸ್‌ವುಡ್ ಆಫೀಸಿನಾಗ? ಆಕಿಗೆ ಗೊತ್ತಿರದ ಮತ್ಯಾರಿಗೆ ಗೊತ್ತಿರ್ತದ?”

ಆರತಿ ಕೈಯಲ್ಲಿದ್ದ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದಳು. “ನೋಡ್ತೀನ್ರಿ. ಆದರ ಭಾಳ ಹಳೇದು. ಏಳು ವರ್ಷ ದಾಟಿದ ಕಾಗದ ಇಟ್ಟಿರತಾರೋ ಇಲ್ಲೋ.”

ಇಟ್ಟಿರದಿದ್ದರೆ ಸಾಕು ಎಂದು ಆ ಕ್ಷಣವೇ ಮನಸ್ಸು ಬಯಸಿತು. ಯಾಕೆ ಹಾಗೆ ಬಯಸಿತು ಎಂದು ಕೇಳಿಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಮನೆಗೆ ಬಂದು, ಇಬ್ಬರ ಗುರುತಿನ ಚೀಟಿ, ಹಳೆಯ ವಿಳಾಸ, ಸಾಲದ ಸಂಖ್ಯೆ ಎಲ್ಲ ಸೇರಿಸಿ ಸಾಲ ಕೊಟ್ಟಿದ್ದ ಸಂಸ್ಥೆಗೆ ಅರ್ಜಿ ಬರೆದಳು. ಶಿವಪುತ್ರಪ್ಪನವರಿಗೆ ಈಮೇಲ್ ಎಂದರೆ ಆಗದು. ಉತ್ತರ ಬರಬೇಕಾದ ವಿಳಾಸದ ಜಾಗದಲ್ಲಿ ಎಂದಿನಂತೆ ತನ್ನದನ್ನೇ ಹಾಕಿದಳು.

ಆ ವಿಮೆ ಎಂಥದೆಂದು ಇಲ್ಲಿ ಹೇಳಬೇಕು. ಮನೆಸಾಲ ತೆಗೆದುಕೊಳ್ಳುವಾಗ ಜೊತೆಗೇ ಮಾರುತ್ತಿದ್ದ ವಿಮೆ ಅದು. ಕೆಲಸ ಹೋದರೆ, ಹಾಸಿಗೆ ಹಿಡಿದರೆ, ಕೆಲವು ತಿಂಗಳು ಸಾಲದ ಕಂತನ್ನು ವಿಮೆಯವರು ಕಟ್ಟುತ್ತಾರೆ. ಅದರ ಹಣ ಪ್ರತಿ ತಿಂಗಳು ಕಂತಿನೊಳಗೇ ಸೇರಿ ಹೋಗುತ್ತಿತ್ತು. ಬೇಕೆಂದವರು ‘ಹೌದು’ ಎಂಬ ಚೌಕದಲ್ಲಿ, ಬೇಡವೆಂದವರು ‘ಇಲ್ಲ’ ಎಂಬ ಚೌಕದಲ್ಲಿ ತಾವೇ ಗುರುತು ಹಾಕಬೇಕು. ಸಾಲದ ಅರ್ಜಿಯ ಹನ್ನೊಂದನೆಯ ಪುಟ.

ಹದಿನಾಲ್ಕು ವರ್ಷಗಳ ಹಿಂದೆ ಆರತಿ ಸಿಡ್ನಿಯಲ್ಲಿ ಆ ಸಂಸ್ಥೆಯ ಚಾಟ್ಸ್‌ವುಡ್ ಆಫೀಸಿನಲ್ಲಿದ್ದಳು. ಹಗಲು ಕೆಲಸ, ಸಂಜೆ ಸಾಲ-ವಿಮೆಯ ಸರ್ಟಿಫಿಕೇಟ್ ಕ್ಲಾಸು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಂಡ ಶಿವಪ್ರಕಾಶನಿಗೆ ಆಗ ಕೆಲಸವೇ ಇರಲಿಲ್ಲ. ಆಫೀಸಿನ ಗೋಡೆಯ ಬಿಳಿ ಹಲಗೆಯ ಮೇಲೆ ಆ ವಾರ ಯಾರು ಎಷ್ಟು ವಿಮೆ ಮಾಡಿಸಿದರು ಎಂದು ಹೆಸರಿನ ಮುಂದೆ ನಕ್ಷತ್ರ ಅಂಟಿಸುತ್ತಿದ್ದರು, ಬಾಲವಾಡಿಯ ಮಕ್ಕಳಿಗೆ ಅಂಟಿಸುವ ಹಾಗೆ. ಆರತಿಯ ಮುಂದೆ ಮೊದಮೊದಲು ಒಂದೂ ಇರಲಿಲ್ಲ.

ಸಿಡ್ನಿಯ ನಮ್ಮವರು ಸಾಲಕ್ಕೆ ಅವಳ ಹತ್ತಿರವೇ ಬರುತ್ತಿದ್ದರು. ನಮ್ಮ ಹುಡುಗಿ, ನಮ್ಮ ಮಾತು, ಮೋಸ ಮಾಡುವುದಿಲ್ಲ. ಹಾಗೆ ಬಂದವರು ಮಾತ್ರ ವಿಮೆಯ ಪುಟಕ್ಕೆ ಬಂದ ಕೂಡಲೇ ನಿಲ್ಲುತ್ತಿದ್ದರು. ಅಪಶಕುನದ ಮಾತು ಅದು. ಹೊಸ ಮನೆಯ ಕಾಗದ ಮಾಡುವಾಗ ಕೆಲಸ ಹೋದರೆ, ಹಾಸಿಗೆ ಹಿಡಿದರೆ, ಎಂದು ಎದುರಿಗೆ ಕೂತು ಹೇಗೆ ಓದುವುದು? ಹೆಂಗಸರು ಮುಖ ತಿರುಗಿಸುತ್ತಿದ್ದರು. ಗಂಡಸರು ‘ಮನೆಗೆ ಹೋಗಿ ಯೋಚಿಸ್ತೀವಿ’ ಎಂದು ಎದ್ದು ಹೋಗುತ್ತಿದ್ದರು.

ಹೀಗಿರುವಾಗ ಆರತಿ ಒಂದು ಉಪಾಯ ಕಂಡುಕೊಂಡಳು. ಊರಿನಿಂದ ತಂದ ಕ್ಯಾಲೆಂಡರಿನಿಂದ ಏಳು ದಿನದ ರಾಹುಕಾಲವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಒಳಗಡೆ ಅಂಟಿಸಿದಳು. ನಮ್ಮವರು ಬರುವ ಹೊತ್ತನ್ನು ರಾಹುಕಾಲಕ್ಕೆ ಅರ್ಧ ಗಂಟೆ ಮುಂಚೆಗೆ ಗೊತ್ತುಮಾಡುವುದು. ಹತ್ತು ಪುಟ ಸಾವಕಾಶ ಓದುವುದು. ಆಮೇಲೆ ಗಡಿಯಾರ ನೋಡಿ, ‘ಅಯ್ಯ, ಇನ್ನು ಐದೇ ನಿಮಿಷ ಉಳೀತಲ್ರಿ’ ಅನ್ನುವುದು. ಅಪಶಕುನದ ಪುಟವನ್ನು ಯಾರೂ ಓದಬೇಕಾಗಿಲ್ಲ, ಒಳ್ಳೆಯ ಗಳಿಗೆಯೂ ತಪ್ಪುವುದಿಲ್ಲ. ಸಹಿ ಮಾಡಿ ಹೋಗುತ್ತಿದ್ದರು, ಗುರುತನ್ನು ಆಮೇಲೆ ಇವಳು, ಹೆಚ್ಚಾಗಿ ‘ಹೌದು’ ಎಂದೇ, ಹಾಕುತ್ತಿದ್ದಳು. ಅವರಿಗೆ ಒಳ್ಳೆಯದೇ ಆಯಿತಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೂರು ತಿಂಗಳಲ್ಲಿ ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಜಾಗವೇ ಉಳಿಯಲಿಲ್ಲ. ಕೆಲಸ ಕಾಯಂ ಆಯಿತು.

ಶಿವಪುತ್ರಪ್ಪ, ನೀಲಕ್ಕ ಬಂದದ್ದು ಅಕ್ಟೋಬರಿನ ಒಂದು ಶುಕ್ರವಾರ. ಶುಕ್ರವಾರದ ರಾಹುಕಾಲ ಹತ್ತೂವರೆಗೆ. ಟೂಂಗ್ಯಾಬಿಯಿಂದ ಟ್ರೇನು ತಡವಾಗಿ, ಅವರು ಒಳಗೆ ಬಂದಾಗಲೇ ಹತ್ತು ದಾಟಿತ್ತು. ನೀಲಕ್ಕ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಒಂದು ತೆಂಗಿನಕಾಯಿ ಹಿಡಿದಿದ್ದರು. ಕಾಗದದ ಮುಂದೆ ಇಡಲಿಕ್ಕೆ.

“ಲಿಂಗ ಕಟ್ಟಿದವರಿಗೆ ರಾಹು ಏನ್ ಮಾಡತಾನ?” ಎಂದು ಶಿವಪುತ್ರಪ್ಪ ಹೆಂಡತಿಯನ್ನು ಕೆಣಕಿದರು. “ಅದೂ ಅಲ್ಲದ ಈಗ ಇಲ್ಲಿ ಬ್ಯಾಸಗಿ ಅಂತ ಗಡಿಯಾರ ಒಂದು ತಾಸು ಮುಂದ ಮಾಡ್ಯಾರ. ರಾಹು ಏನ್ ಡೇಲೈಟ್ ಸೇವಿಂಗ್ ಪಾಳಸ್ತಾನೇನು? ಸೂರ್ಯಾನ ಲೆಕ್ಕ ಹಿಡದ್ರ ಇನ್ನೂ ಒಂದು ತಾಸು ಮ್ಯಾಲ ಐತಿ.”

ಅವರ ಲೆಕ್ಕ ಸರಿಯಿತ್ತು. ಆರತಿಗೂ ಅದು ಗೊತ್ತಿತ್ತು. ಆದರೂ ಅವಳು ನೀಲಕ್ಕನ ಕಡೆ ನೋಡಿ, “ಇರ್ಲಿ ಬಿಡ್ರಿ ಅಣ್ಣಾರ, ಅಕ್ಕಾರ ಮನಸ್ಸಿನಾಗ ಸಂಶಯ ಯಾಕ? ಹತ್ತೂವರೆಯೊಳಗ ಮುಗಿಸಿಬಿಡೂಣು” ಎಂದಳು.

“ಹಂಗ ಹೇಳವಾ ಇವರಿಗೆ!” ಎಂದರು ನೀಲಕ್ಕ. ಶಿವಪುತ್ರಪ್ಪ ಎಲ್ಲ ಕಾಗದಕ್ಕೂ ಕನ್ನಡದಲ್ಲೇ ಸಹಿ ಹಾಕಿದರು. ಕೊನೆಯ ಪುಟಗಳಿಗೆ ಸಹಿ ಮಾತ್ರ ಹಾಕಿ ಚೌಕಗಳನ್ನು ಖಾಲಿ ಬಿಟ್ಟು, “ಉಳಿದದ್ದು ನೀ ತುಂಬು ತಂಗಿ, ನೀ ಇದ್ದೀಯಂದ್ರ ನಮಗ ಚಿಂತಿಲ್ಲ” ಎಂದರು.

ಇದಿಷ್ಟೂ ಆರತಿಗೆ ಚೆನ್ನಾಗಿ ನೆನಪಿತ್ತು. ಆದರೆ ಅವರ ಪುಟದಲ್ಲಿ ತಾನು ಯಾವ ಚೌಕಕ್ಕೆ ಗುರುತು ಹಾಕಿದೆ ಎಂಬುದು ಮಾತ್ರ ನೆನಪಿಗೆ ಬರಲೊಲ್ಲದು. ಅಂಥ ನೂರು ಪುಟಗಳಿದ್ದವು. ಇವರದನ್ನು ‘ಇಲ್ಲ’ ಎಂದೇ ಬಿಟ್ಟಿರಬಹುದು, ಬಿಟ್ಟಿರಲಿ ಎಂದು ದಿನವೂ ಹಾರೈಸುತ್ತಾ ನಾಲ್ಕು ವಾರ ಕಳೆದಳು.

ಉತ್ತರ ಬಂದದ್ದು ಏಪ್ರಿಲ್ ಕೊನೆಯಲ್ಲಿ, ಒಂದು ಗುರುವಾರ, ಮಧ್ಯಾಹ್ನ ಊಟದ ಹೊತ್ತಿಗೆ. ಕಾಗದ ನಾಶವಾಗಿರಲಿಲ್ಲ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟಿದ್ದರು. ಅವಳು ಕಾರಿನಲ್ಲಿ ಕೂತು ಫೋನಿನ ಮೇಲೆ ಹನ್ನೊಂದನೆಯ ಪುಟವನ್ನು ತೆರೆದಳು.

‘ಹೌದು’.

ಗುರುತಿನ ಕೆಳಗೆ ಶಿವಪುತ್ರಪ್ಪನವರ ಕನ್ನಡದ ಸಹಿ. ಪಕ್ಕದಲ್ಲಿ ನೀಲಕ್ಕನ ಸಹಿ, ಶಾಲೆಯ ಹುಡುಗಿ ಬರೆದಂತೆ ದುಂಡಗೆ. ಇದನ್ನಾದರೂ ಅವಳು ನಿರೀಕ್ಷಿಸಿದ್ದಳು. ನಿರೀಕ್ಷಿಸದೇ ಇದ್ದದ್ದು ಪುಟದ ತಳದಲ್ಲಿತ್ತು. ಅಲ್ಲಿ ಎರಡು ಸಾಲು ಇಂಗ್ಲಿಷ್ ಬರಹ, ಅವಳದೇ ಬಲಕ್ಕೆ ವಾಲಿದ ಅಕ್ಷರ: ಅರ್ಜಿದಾರರಿಬ್ಬರಿಗೂ ವಿಮೆಯನ್ನು ವಿವರಿಸಲಾಗಿದೆ, ಅವರು ತಾವಾಗಿ ಕೇಳಿ ಪಡೆದಿದ್ದಾರೆ. ಕೆಳಗೆ ಅವಳ ಹೆಸರು.

ಸಂಸ್ಥೆಯವರ ಪತ್ರವೂ ಜೊತೆಗಿತ್ತು. ವಿಮೆ ಇತ್ತು, ಸಾಲ ಆರಂಭವಾದ ದಿನದಿಂದ ಮನೆ ಮಾರಿ ಸಾಲ ತೀರಿಸಿದ ದಿನದವರೆಗೆ ನಡೆದಿತ್ತು, ಯಾವ ಕ್ಲೇಮೂ ಬಂದಿರಲಿಲ್ಲ, ಗ್ರಾಹಕರಿಗೆ ತಿಳಿಸದೆ ಮಾರಲಾಗಿದೆ ಎಂಬುದಕ್ಕೆ ಆಧಾರವಿದ್ದರೆ ಬರೆದು ತಿಳಿಸಬಹುದು, ಸದ್ಯಕ್ಕೆ ದಾಖಲೆಯಲ್ಲಿರುವ ಟಿಪ್ಪಣಿ ಅದಕ್ಕೆ ವಿರುದ್ಧವಾಗಿದೆ.

ಆ ದಾಖಲೆಯ ಟಿಪ್ಪಣಿ ಎಂದರೆ ಅವಳ ಎರಡು ಸಾಲು. ಅವು ಸುಳ್ಳು ಎಂದು ಈ ಭೂಮಿಯ ಮೇಲೆ ಹೇಳಬಲ್ಲವಳು ಅವಳೊಬ್ಬಳೇ.

ಅಷ್ಟೇ ಆಗಿದ್ದರೆ ಒಂದು ತರಹ. ಅವಳ ಕಣ್ಣು ತಾರೀಖಿನ ಮೇಲೆ ನಿಂತಿತು. ಶಿವಪುತ್ರಪ್ಪನವರ ಕಾರ್ಖಾನೆ ಮುಚ್ಚಿದ್ದು ಎರಡು ಸಾವಿರದ ಹದಿಮೂರರ ಆಗಸ್ಟ್. ಎಂಟು ತಿಂಗಳು ಕೆಲಸ ಸಿಗದೆ, ಕಂತು ಕಟ್ಟಲಾಗದೆ, ಮನೆ ಮಾರಿ ಮಗಳ ಕಾಲೇಜಿಗಾಗಿ ಕ್ಲೇಟನ್‌ನ ಬಾಡಿಗೆ ಮನೆಗೆ ಬಂದದ್ದು ಮರುವರ್ಷ. ಆ ಎಂಟು ತಿಂಗಳೂ ವಿಮೆ ಜೀವಂತವಿತ್ತು. ಕೆಲಸ ಹೋದವರ ಕಂತು ಕಟ್ಟುವ ವಿಮೆ. ಕೆಲಸ ಹೋದ ಮನುಷ್ಯ ಕಟ್ಟಿದಷ್ಟು ಕಂತಿನಲ್ಲೂ ಅದಕ್ಕೆ ಹಣ ಕೊಡುತ್ತಲೇ ಇದ್ದ. ತನ್ನ ಹತ್ತಿರ ಅದು ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಶಿವಪುತ್ರಪ್ಪ ಫೋನ್ ಮಾಡಿದರು. “ಏನವಾ, ಎಮ್ಮಿ ಹಾಲು ಕೊಟ್ಟಿತೇನು?”

“ಇನ್ನೂ ಬಂದಿಲ್ರಿ ಅಣ್ಣಾರ,” ಎಂದಳು ಆರತಿ.

ಬಾಯಿಂದ ಅದು ಸಲೀಸಾಗಿ ಬಂದುಬಿಟ್ಟಿತು. ಫೋನಿಟ್ಟ ಮೇಲೆ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಹಳೆಯ ಸಹೋದ್ಯೋಗಿ ಸುಜಾತಾ ಇನ್ನೂ ಚಾಟ್ಸ್‌ವುಡ್‌ನಲ್ಲೇ ಇದ್ದಳು, ಬೇರೆ ಕಂಪನಿಯಲ್ಲಿ. ಬೆಂಗಳೂರಿನವಳು. ಶನಿವಾರ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದಾಗ ಅವಳು ನಕ್ಕೇಬಿಟ್ಟಳು.

“ಅಯ್ಯೋ, ಅದನ್ನ ಎಲ್ರೂ ಮಾಡ್ತಿದ್ವಿ ಕಣೇ. ನನ್ನದು ಇನ್ನೂ ಸಿಂಪಲ್, ಫಾರ್ಮ್ ಪ್ರಿಂಟ್ ಮಾಡೋವಾಗ್ಲೇ ಯೆಸ್ ಹಾಕಿಡ್ತಿದ್ದೆ. ನೀನು ಪಾಪ ರಾಹುಕಾಲ ಎಲ್ಲಾ ನೋಡ್ತಿದ್ದೆ. ಮ್ಯಾನೇಜರ್ ನಿನ್ನ ಚಾರ್ಟ್ ನೋಡಿ ‘ಇದು ಮೆಡಿಟೇಶನ್ ಟೈಮಾ’ ಅಂತ ಕೇಳಿದ್ರಲ್ಲ, ನೆನಪಿದ್ಯಾ?”

“ನೆನಪೈತಿ.”

“ಮತ್ತೇನು ತಲೆ ಕೆಡಿಸ್ಕೊತೀಯಾ? ತಪ್ಪು ಕಂಪನೀದು. ಟಾರ್ಗೆಟ್ ಅವರು ತಾನೇ ಕೊಟ್ಟಿದ್ದು?”

“ಟಾರ್ಗೆಟ್ ಅವರು ಕೊಟ್ರು. ರಾಹುಕಾಲ ನಾ ಕೊಟ್ಟೆ, ಸುಜಾತಾ. ಅದು ಅವರಿಗೆ ಗೊತ್ತಿರಲಿಲ್ಲ. ನಮ್ಮವರ ನಾಡಿ ನನಗ ಗೊತ್ತಿತ್ತು.”

ಸುಜಾತಾ ಮಗಳನ್ನು ಈಜು ಕ್ಲಾಸಿಗೆ ಬಿಡಬೇಕು ಎಂದು ಫೋನಿಟ್ಟಳು.

ಗಂಡನಿಗೆ ಹೇಳಿದ್ದು ಆರನೆಯ ದಿನ. ಶಿವಪ್ರಕಾಶ ಕೆಟ್ಟವನಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಆ ಪುಟವನ್ನೂ ನೋಡಿ, ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದ.

“ಅವರು ನಿನ್ನ ಕೇಳಿದ್ದೇನು? ವಿಮೆ ಇತ್ತೋ ಇಲ್ಲೋ. ಇತ್ತು ಅಂತ ಹೇಳು. ಯಾರು ಗುರುತು ಹಾಕಿದ್ರು ಅಂತ ಅವರು ಕೇಳಿಲ್ಲಲ್ಲ?”

“ಆದರ ಅಷ್ಟ ಹೇಳಿದ್ರ ಅವರಿಗೆ ಒಂದು ಪೈನೂ ಬರೂದಿಲ್ರಿ. ನಾ ಬರದು ಕೊಟ್ರ ಮಾತ್ರ.”

“ನೀ ಬರದು ಕೊಟ್ರ ನಾಳೆ ಈ ಊರಾಗ ನಿನ್ನ ಕಡೆ ಯಾರು ಫಾರ್ಮ್ ತರತಾರ? ಅಲ್ಲ, ಅದೂ ಹೋಗ್ಲಿ. ಸಿಡ್ನಿದಾಗ ಹಂಗ ಸಹಿ ಮಾಡಿಸಿದ್ದು ಇವರೊಬ್ಬರದ ಅಲ್ಲಲ್ಲ. ಉಳಿದವರು ಕೇಳಿದ್ರ?”

ಅವನು ಎದ್ದು ಹೋಗುವ ಮುಂಚೆ ಒಂದು ಮಾತು ಹೇಳಿದ: “ಆಗ ನಿನ್ನ ಪಗಾರದಾಗ ಕೂತು ಉಂಡಾಂವ ನಾನು. ನಾ ಏನ್ ಹೇಳಲಿ? ನಿನಗ ತಿಳಿದಂಗ ಮಾಡು.” ಅದನ್ನು ಕೇಳಿ ಆರತಿಗೆ ಸಮಾಧಾನವಾಗಬೇಕಿತ್ತು. ನಾಚಿಕೆ ಇನ್ನಷ್ಟು ಹೆಚ್ಚಿತು, ಈಗ ಅದರಲ್ಲಿ ಅವನಿಗೂ ಪಾಲು ಕೊಟ್ಟಂತಾಯಿತು.

ಒಂಬತ್ತನೆಯ ದಿನ ಶನಿವಾರ. ಕಾಗದಗಳನ್ನು ಪ್ರಿಂಟ್ ಮಾಡಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಆರತಿ ಕ್ಲೇಟನ್‌ಗೆ ಹೊರಟಳು. ಊರಿನ ಆ ತುದಿಯಿಂದ ಈ ತುದಿಗೆ ಮುಕ್ಕಾಲು ಗಂಟೆಯ ದಾರಿ. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ಅಭ್ಯಾಸ ಮಾಡಿದಳು, ಸಂಜೆ ಕ್ಲಾಸಿನ ಪರೀಕ್ಷೆಗೆ ಟ್ರೇನಿನಲ್ಲಿ ಬಾಯಿಪಾಠ ಮಾಡುತ್ತಿದ್ದಂತೆ. ‘ಅಣ್ಣಾರ, ತಪ್ಪು ನನ್ನದು’ ಎಂದು ಒಮ್ಮೆ. ‘ಅಣ್ಣಾರ, ಒಂದು ವಿಷಯ ಐತಿ’ ಎಂದು ಇನ್ನೊಮ್ಮೆ. ಎರಡೂ ಸರಿಯೆನಿಸಲಿಲ್ಲ.

ಅವರದು ಮೂರು ಯೂನಿಟ್ಟುಗಳ, ಅಂದರೆ ಅಂಟಿಕೊಂಡ ಸಣ್ಣ ಮನೆಗಳ, ಸಾಲಿನಲ್ಲಿ ಹಿಂದಿನದು. ಮುಂದಿನ ಎರಡರಲ್ಲಿ ಯೂನಿವರ್ಸಿಟಿಯ ಹುಡುಗರು ಬಾಡಿಗೆಗಿದ್ದರು. ಕಸದ ಡಬ್ಬಿಗಳು ದಾರಿಯಲ್ಲೇ ನಿಂತಿದ್ದವು. ಶಿವಪುತ್ರಪ್ಪ ಮೂರು ಗಂಟೆಯ ಪಾಳಿಗೆ ಹೊರಡಲು ಯೂನಿಫಾರ್ಮಿನಲ್ಲಿದ್ದರು. ನೀಲಕ್ಕ ನೆಲದ ಮೇಲೆ ಪೇಪರ್ ಹಾಸಿ ಶೇಂಗಾ ಸುಲಿಯುತ್ತಿದ್ದರು.

“ಬಾ ಬಾ, ಕೂಡು. ಇಷ್ಟು ದೂರ ಬಂದೀಯಂದ್ರ ಹಾಲು ಬಂದಾವ,” ಎಂದರು ಶಿವಪುತ್ರಪ್ಪ.

ಆರತಿ ಸಂಸ್ಥೆಯವರ ಪತ್ರವನ್ನು ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿ, ತೊಡೆ ತಟ್ಟಿದರು. “ಇತ್ತು! ನೋಡಲೇ ಇಕಿನ, ಇತ್ತು! ನಾ ಹೇಳಿದ್ದಿಲ್ಲ? ಕೇಳಲಾರದ ಕೂಡಿಸ್ಯಾರ ಸುಳೇಮಕ್ಕಳು.”

“ಬಾಯಿ ನೋಡು ಇವರದು, ಮಂದಿ ಮುಂದ,” ಎಂದರು ನೀಲಕ್ಕ.

“ಕೂಡಿಸಿದ್ದು ನಾನ ರಿ,” ಎಂದಳು ಆರತಿ.

ಅಭ್ಯಾಸ ಮಾಡಿದ ವಾಕ್ಯ ಅದಾಗಿರಲಿಲ್ಲ. ಶಿವಪುತ್ರಪ್ಪ ಇನ್ನೂ ನಗುತ್ತಿದ್ದರು, ಅದು ಅವರ ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಉಳಿಯಿತು. ಅವಳು ಹನ್ನೊಂದನೆಯ ಪುಟವನ್ನು ಅವರ ಮುಂದೆ ಇಟ್ಟು, ನಿಲ್ಲಿಸದೆ ಹೇಳಿದಳು. ರಾಹುಕಾಲದ ಚೀಟಿ. ಡೇಲೈಟ್ ಸೇವಿಂಗ್ ವಿಷಯ ಅವರು ಹೇಳಿದ್ದು ಸರಿಯಿತ್ತು, ತನಗೂ ಗೊತ್ತಿತ್ತು, ಆದರೂ ಅವಸರ ಮಾಡಿದ್ದು. ಅವರು ಎದ್ದು ಹೋದ ಮೇಲೆ ಗುರುತು ಹಾಕಿದ್ದು. ಕೆಳಗಿನ ಎರಡು ಸಾಲು. ಕಾಗದ ಬಂದು ಒಂಬತ್ತು ದಿನವಾಗಿದ್ದು, ಬಂದಿಲ್ಲ ಎಂದು ಫೋನಿನಲ್ಲಿ ಸುಳ್ಳು ಹೇಳಿದ್ದು.

ಶಿವಪುತ್ರಪ್ಪ ಆ ಎರಡು ಸಾಲನ್ನು ಬೆರಳಿಟ್ಟು ಓದಿದರು. “ವಿವರಿಸಲಾಗಿದೆ,” ಎಂದರು. ಮತ್ತೆ ಪತ್ರವನ್ನು ತೆಗೆದುಕೊಂಡು ತಾರೀಖುಗಳನ್ನು ನೋಡಿದರು. ಕಾರ್ಖಾನೆಯಲ್ಲಿ ನಕ್ಷೆ ಓದಿದ ಕಣ್ಣು ಅವು. ಅವಳು ಹೇಳಬೇಕೆಂದು ಉಳಿಸಿಕೊಂಡಿದ್ದನ್ನು ಅವರೇ ಕಂಡುಕೊಂಡರು.

“ನನ್ನ ಕೆಲಸ ಹೋದಾಗ ಇದು ಚಾಲೂ ಇತ್ತು?”

“ಇತ್ರಿ.”

“ಕೆಲಸ ಹೋದ್ರ ಇವರು ಕಂತು ಕಟ್ಟತಿದ್ರು?”

“ಕೆಲವು ತಿಂಗಳು ಕಟ್ಟಬೇಕ್ರಿ. ಖಾತ್ರಿ ಹೇಳಾಕ ಬರೂದಿಲ್ಲ. ಕಡೀ ವರ್ಷ ನಿಮ್ಮನ್ನ ಕಾಂಟ್ರ್ಯಾಕ್ಟಿಗೆ ಹಾಕಿದ್ರು ಅಂತ ನೀವ ಹಿಂದೊಮ್ಮೆ ಹೇಳಿದ್ರಿ. ಕಾಂಟ್ರ್ಯಾಕ್ಟ್‌ನವರಿಗೆ ಕೊಡತಿದ್ರೋ ಇಲ್ಲೋ, ಆ ನಿಯಮದ ಪುಸ್ತಕ ಅವರು ಕಳಿಸಿಲ್ಲ.”

ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಬೈಯುತ್ತಾರೆ ಎಂದು ಆರತಿ ಕಾದಳು. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಅವರು ಗಡಿಯಾರ ನೋಡಿ, ಬಾಗಿಲ ಪಕ್ಕದ ಬ್ಯಾಗನ್ನು ಎತ್ತಿಕೊಂಡರು.

“ಬರದು ಕೊಡು. ನೀ ಈಗ ಬಾಯಿಲೆ ಹೇಳಿದ್ದು ಕಾಗದದ ಮ್ಯಾಲ ಬರದು, ಸಹಿ ಮಾಡಿ, ಇಲ್ಲೇ ಇಟ್ಟು ಹೋಗು. ನಾ ಬಂದು ಓದತೀನಿ. ಈ ಸಲ ನಾ ಓದತೀನಿ.”

ಬಾಗಿಲು ಮುಚ್ಚಿತು. ಆರತಿ ಊಟದ ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಬರೆದಳು. ಒಂದೂವರೆ ಪುಟವಾಯಿತು. ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಲೇ ಎಂದು ಕೇಳಿದಳು. ನೀಲಕ್ಕ ಶೇಂಗಾ ಸುಲಿಯುತ್ತಲೇ ಇದ್ದರು. ಅವಳು ಓದಿದಳು. ಓದುವಾಗ ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. ಮನೆಗೆ ಬಂದವರಿಗೆ ಚಹಾ ಕೇಳದ ದಿನ ನೀಲಕ್ಕನ ಜೀವನದಲ್ಲಿ ಅದಕ್ಕೆ ಮೊದಲು ಬಂದಿರಲಿಕ್ಕಿಲ್ಲ. ಆ ದಿನ ಕೇಳಲಿಲ್ಲ.

ಆರತಿ ಸಹಿ ಮಾಡಿ ಎದ್ದು ನಿಂತಾಗ ನೀಲಕ್ಕ ಸೆರಗಿನಲ್ಲಿದ್ದ ಸಿಪ್ಪೆಯನ್ನು ಕೊಡವಿದರು.

“ಮನೀ ಮಾರೂಕಿಂತ ಮೊದಲ ನಾ ನಿನಗ ಫೋನ್ ಮಾಡಿದ್ದೆ. ನೆನಪೈತೇನು?”

ಆರತಿ ಆಗಷ್ಟೇ ಮೆಲ್ಬೋರ್ನಿಗೆ ಬಂದಿದ್ದಳು, ಸಾಮಾನಿನ ಪೆಟ್ಟಿಗೆಗಳು ಇನ್ನೂ ಬಿಚ್ಚಿರಲಿಲ್ಲ. ಪೆಟ್ಟಿಗೆಗಳ ನಡುವೆ ನಿಂತು ಮಾತಾಡಿದ ಒಂದು ಫೋನು. ಹೌದು, ಮಾಡಿದ್ದರು. ಈ ಒಂಬತ್ತು ದಿನದಲ್ಲಿ ಅದೊಂದು ಸಲವೂ ಅವಳ ಮನಸ್ಸಿಗೆ ಬಂದಿರಲಿಲ್ಲ.

“ಮಾಡಿದ್ರಿ ಅಕ್ಕಾರ.”

“ಏನರ ದಾರಿ ಐತೇನು ತಂಗಿ, ನೀ ಆ ಆಫೀಸಿನಾಗ ಇದ್ದಾಕಿ, ನಿನಗ ಗೊತ್ತಿರತೈತಿ ಅಂತ ಕೇಳಿದ್ದೆ. ಇವರಿಗೆ ಹೇಳಲಾರದ ಮಾಡಿದ್ದೆ. ಇವರು ಯಾರ ಮುಂದೂ ಕೈ ಒಡ್ಡಬ್ಯಾಡ ಅಂದಿದ್ರು.” ನೀಲಕ್ಕ ಅವಳ ಮುಖವನ್ನೇ ನೋಡುತ್ತಿದ್ದರು. “ನೀ ಏನ್ ಹೇಳಿದಿ ಗೊತ್ತೈತೇನು? ಆಫೀಸಿಗೆ ಫೋನ್ ಮಾಡಿ ಕಷ್ಟ ಹೇಳಿಕೊಳ್ರಿ ಅಕ್ಕಾರ, ಕಂತು ಒಂದೆರಡು ತಿಂಗಳು ಮುಂದ ಹಾಕತಾರ, ಅಂದಿ. ಹಂಗ ಮಾಡಿದ್ವಿ. ಎರಡು ತಿಂಗಳು ಮುಂದ ಹಾಕಿದ್ರು. ಮೂರನೇ ತಿಂಗಳು ಮನೀ ಮಾರಿದ್ವಿ.”

“ಅಕ್ಕಾರ...”

“ಒಂದ ಕೇಳತೀನಿ. ರೊಕ್ಕದ್ದಲ್ಲ. ಆಗ ಫೋನಿನ್ಯಾಗ ನನ್ನ ಜೋಡಿ ಮಾತಾಡುವಾಗ, ಈ ಪುಟ ನಿನಗ ನೆನಪಿತ್ತೇನು?”

ಆರತಿ ಬಾಯಿ ತೆರೆದಳು. ‘ಇರಲಿಲ್ಲ’ ಎನ್ನುವುದು ಸುಲಭವಿತ್ತು, ನೀಲಕ್ಕ ಅದನ್ನು ಒಪ್ಪಿಕೊಂಡೂ ಬಿಡುತ್ತಿದ್ದರು. ಅವಳು ಆ ಪೆಟ್ಟಿಗೆಗಳ ನಡುವೆ ನಿಂತವಳನ್ನು ನೋಡಲು ಪ್ರಯತ್ನಿಸಿದಳು. ಫೋನು ಯಾವ ಕಿವಿಗೆ ಹಿಡಿದಿದ್ದಳೆಂಬುದು ಕೂಡ ಕಾಣಿಸಿತು. ಆ ಹೆಂಗಸಿನ ತಲೆಯೊಳಗೆ ಏನಿತ್ತು ಎಂಬುದು ಕಾಣಿಸಲಿಲ್ಲ. ವಿಮೆಯ ಮಾತೆತ್ತಿದರೆ ಗುರುತು ಹಾಕಿದ್ದು ಯಾರೆಂಬ ಮಾತೂ ಬರುತ್ತದೆ ಎಂದು ಅವಳು ಹೆದರಿದ್ದಳೇ? ಅಥವಾ ನಿಜವಾಗಿಯೂ ಮರೆತಿದ್ದಳೇ?

“ಗೊತ್ತಿಲ್ರಿ ಅಕ್ಕಾರ.”

“ಗೊತ್ತಿಲ್ಲ ಅನ್ನೂದು ಹೌದೂ ಅಲ್ಲ, ಅಲ್ಲಾನೂ ಅಲ್ಲ ತಂಗಿ.”

“ಹೌದ್ರಿ. ಆದರ ಖರೇನ ಗೊತ್ತಿಲ್ಲ.”

ನೀಲಕ್ಕ ಸುಲಿದ ಶೇಂಗಾವನ್ನು ಮೊರಕ್ಕೆ ಹಾಕಿಕೊಂಡು ಎದ್ದರು. “ಹಂಗಾದ್ರ ಅದನ್ನೂ ಬರಿ,” ಎಂದು ಹೇಳಿ ಒಳಗೆ ಹೋದರು.

ಆರತಿ ಮತ್ತೆ ಕೂತು ಬರೆದಳು. ಸಂಸ್ಥೆಗೆ ಆ ಸಾಲಿನ ಅಗತ್ಯವಿರಲಿಲ್ಲ, ಅದರಿಂದ ಅರ್ಜಿಗೆ ಬಲವೂ ಬರುವುದಿಲ್ಲ. ಆದರೂ ಸಹಿಯ ಕೆಳಗೆ ಬರೆದು, ಅದರ ಕೆಳಗೆ ಇನ್ನೊಮ್ಮೆ ಸಹಿ ಮಾಡಿದಳು.

ಆ ಕಾಗದ ಸೋಮವಾರವೇ ಹೋಯಿತು. ಶಿವಪುತ್ರಪ್ಪನವರು ಪೂರ್ತಿ ಓದಿ, ಎರಡು ಕಡೆ ಕಾಗುಣಿತ ತಿದ್ದಿಸಿ, ತಾವೇ ಪೋಸ್ಟ್ ಮಾಡಿದರು. ಉತ್ತರ ನಾನು ಇದನ್ನು ಬರೆಯುವ ಹೊತ್ತಿಗೆ ಬಂದಿಲ್ಲ. ಇಷ್ಟು ಹಳೆಯ ದೂರನ್ನು ಅವರು ಈಗ ಸ್ವೀಕರಿಸುತ್ತಾರೋ ಇಲ್ಲವೋ, ಕಾಂಟ್ರ್ಯಾಕ್ಟಿನ ಮೇಲಿದ್ದವರಿಗೆ ಆ ವಿಮೆ ಆಗ ಹಣ ಕೊಡುತ್ತಿತ್ತೋ ಇಲ್ಲವೋ, ಕೊಟ್ಟಿದ್ದರೆ ಟೂಂಗ್ಯಾಬಿಯ ಮನೆ ಉಳಿಯುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ನೀಲಕ್ಕ ಕೂಟಕ್ಕೆ ಬರುವುದನ್ನು ನಿಲ್ಲಿಸಿಲ್ಲ. ಆರತಿಯ ಜೊತೆ ಮಾತಾಡುತ್ತಾರೆ, ಹವಾಮಾನದ ಬಗ್ಗೆ. ಅದನ್ನು ಕ್ಷಮೆ ಎಂದುಕೊಳ್ಳಬೇಕೋ ಏನೋ ಅದೂ ಗೊತ್ತಿಲ್ಲ. ಪೆಟ್ಟಿಗೆಗಳ ನಡುವೆ ಫೋನು ಹಿಡಿದು ನಿಂತ ಆ ಹೆಂಗಸಿಗೆ ಅಂದು ಹನ್ನೊಂದನೆಯ ಪುಟ ನೆನಪಿತ್ತೋ ಇಲ್ಲವೋ ಎಂಬುದು ಆರತಿಗೆ ಈಗಲೂ ಗೊತ್ತಿಲ್ಲ. ಅವಳಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು?